ಕ್ರಯಪತ್ರ ಯಾರು ಬರೆದರೇನು, ಹಕ್ಕಿಗೆ ಯಾರು ಹೊಣೆ?

ಮನೆ ಕೊಳ್ಳುವವರು ಅಥವಾ ಮಾರುವವರು ವಕೀಲರ, ದಸ್ತಾವೇಜು ಬರಹಗಾರರ ನೆರವಿಲ್ಲದೆ ಆ ವ್ಯವಹಾರವನ್ನು ತಾವೇ ಪೂರೈಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಚಿಕ್ಕದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕ ನಡೆಯಬೇಕು; ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸುತ್ತದೆ; ಆದರೆ ಅದನ್ನು ವಕೀಲರೇ ಬರೆಯಬೇಕೆಂದು ಈ ಎರಡೂ ಕಾಯ್ದೆಗಳು ಎಲ್ಲಿಯೂ ಹೇಳುವುದಿಲ್ಲ. ಬರೆಯಬಹುದೇ ಎಂಬುದು ಇಲ್ಲಿಗೆ ಮುಗಿಯಿತು. ಬರೆದ ಪತ್ರದ ಹಿಂದಿರುವ ಹಕ್ಕನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ ಹಣ ಪಡೆದು ಪರರ ಆಸ್ತಿಪತ್ರ ಸಿದ್ಧಪಡಿಸುವ ಕೆಲಸ ಬಹುಕಾಲ ಸಾಲಿಸಿಟರುಗಳ ಏಕಸ್ವಾಮ್ಯವಾಗಿತ್ತು. 1985ರ ಕಾಯ್ದೆಯೊಂದು ಪರವಾನಗಿ ಪಡೆದ ಇನ್ನೊಂದು ವರ್ಗಕ್ಕೂ ಆ ಕೆಲಸವನ್ನು ತೆರೆಯಿತು. ಅಲ್ಲಿ ಸ್ವಂತವಾಗಿ ವ್ಯವಹಾರ ಮುಗಿಸಿಕೊಳ್ಳುವವರಿಗೆ ಒಂದು ದೊಡ್ಡ ಆಸರೆಯಿದೆ: ಭೂ ನೋಂದಣಿ ಪುಸ್ತಕದಲ್ಲಿ ಹೆಸರಿರುವವನ ಹಕ್ಕಿಗೆ ಸರ್ಕಾರವೇ ಜಾಮೀನು, ಪುಸ್ತಕ ತಪ್ಪಿದರೆ ಪರಿಹಾರವೂ ಉಂಟು. ಭಾರತದಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. ಪತ್ರ ಬರೆದುಕೊಟ್ಟವನಿಗೆ ಆಸ್ತಿಯ ಮೇಲೆ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲವೆಂದು ತಮಿಳುನಾಡಿನ ನಿಯಮವೊಂದನ್ನು ರದ್ದುಪಡಿಸುತ್ತ ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅಧಿಕಾರಿ ಗುರುತು, ಸಹಿ, ಬೆರಳಚ್ಚು, ಮುದ್ರಾಂಕ ಶುಲ್ಕಗಳನ್ನು ನೋಡುತ್ತಾನೆ. ಬರಹಗಾರ ವಾಕ್ಯಗಳನ್ನು ಜೋಡಿಸುತ್ತಾನೆ. ಹಕ್ಕಿನ ಹೊಣೆ ಇಬ್ಬರ ಮೇಲೂ ಬೀಳುವುದಿಲ್ಲ. ಹೀಗಿರುವಾಗ ಬರಹಗಾರನಿಗೆ ದುಡ್ಡು ಕೊಟ್ಟು ನಿಶ್ಚಿಂತನಾದ ಕೊಳ್ಳುವವನೂ, ತಿಳಿದೋ ತಿಳಿಯದೆಯೋ, ತನ್ನ ವ್ಯವಹಾರವನ್ನು ತಾನೇ ನಡೆಸಿಕೊಂಡವನೇ ಆಗಿರುತ್ತಾನೆ.

ತೆಲಂಗಾಣದ ಮಾನೋಪಾಡಿನಂಥ ಗಡಿನಾಡಿನಲ್ಲಿ ಈ ಹೊಣೆ ಇನ್ನಷ್ಟು ತೊಡಕಾಗುತ್ತದೆ. ಹೈದರಾಬಾದ್ ಸಂಸ್ಥಾನದ ಕಾಲದಿಂದ ರಾಯಚೂರು ಜಿಲ್ಲೆಯಲ್ಲಿದ್ದ ಆಲಂಪುರ, ಗದ್ವಾಲ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. 2016ರ ಅಕ್ಟೋಬರ್‌ನಲ್ಲಿ ಮಾನೋಪಾಡು ಈಗ ಸೇರಿರುವ ಜೋಗುಳಾಂಬಾ ಗದ್ವಾಲ ಜಿಲ್ಲೆ ಹುಟ್ಟಿತು. ಹೀಗಾಗಿ ಒಂದೇ ನಿವೇಶನ ಅಜ್ಜನ ಕಾಗದದಲ್ಲಿ ರಾಯಚೂರು ಜಿಲ್ಲೆಯದೆಂದೂ ತಂದೆಯ ಕಾಗದದಲ್ಲಿ ಮಹಬೂಬ್‌ನಗರದ್ದೆಂದೂ ಮಗನ ಕಾಗದದಲ್ಲಿ ಗದ್ವಾಲದ್ದೆಂದೂ ಇರಬಹುದು; ನಿಜಾಮರ ಕಾಲದ್ದು ಉರ್ದುವಿನಲ್ಲಿ, ಈಚಿನದು ತೆಲುಗಿನಲ್ಲಿ, ಮನೆಯವರ ಮಾತು ಕನ್ನಡದಲ್ಲಿ. ಹಿಂದಿನ ಒಡೆಯನಿಂದ ಇಂದಿನ ಒಡೆಯನವರೆಗಿನ ಕಾಗದಗಳ ಸರಪಣಿಯನ್ನು ಆಡುಮಾತಿನಲ್ಲಿ ಲಿಂಕ್ ಡಾಕ್ಯುಮೆಂಟ್ ಎನ್ನುತ್ತಾರೆ. ಅದರ ಒಂದು ಕೊಂಡಿ ಎಲ್ಲಿ ಕಳಚಿದೆಯೆಂಬುದು ಪಟ್ಟಣದ ವಕೀಲನಿಗಿಂತ ಊರಿನ ಹಿರಿಯರಿಗೆ ಬೇಗ ತಿಳಿಯುವುದೂ ಉಂಟು.

ಈ ಸರಪಣಿಯ ಪರೀಕ್ಷೆಗೆ ಜನ ಸಾಮಾನ್ಯವಾಗಿ ನೆಚ್ಚುವುದು ಇ.ಸಿ. ಎಂದೇ ಕರೆಯಲ್ಪಡುವ ಋಣಭಾರ ಪ್ರಮಾಣಪತ್ರವನ್ನು, ಎಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ದಾನಗಳ ಪಟ್ಟಿಯನ್ನು. ತೆಲಂಗಾಣದಲ್ಲಿ 1983ರಿಂದ ಈಚಿನ ಪಟ್ಟಿ ಅಂತರಜಾಲದಲ್ಲೇ ದೊರೆಯುವುದರಿಂದ ಅದನ್ನು ನೋಡಲು ಮಧ್ಯವರ್ತಿ ಬೇಕಿಲ್ಲ. ನೋಂದಣಿ ಕಾಯ್ದೆಯ 22-ಎ ಕಲಮಿನಡಿ ಮಾರಾಟ ನಿಷೇಧಿಸಿದ ಆಸ್ತಿಗಳ ಪಟ್ಟಿಯನ್ನೂ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬಹುದು. ಆದರೆ ಇ.ಸಿ. ಹೇಳದಿರುವುದೇ ಬಹಳ. ಬಾಯಿಮಾತಿನ ಹಿಸ್ಸೆ, ನೋಂದಣಿಯಾಗದ ಕರಾರು, ಎಲ್ಲಕ್ಕಿಂತ ಮಿಗಿಲಾಗಿ ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುವುದಿಲ್ಲ. ತೆಲಂಗಾಣವೂ ಆಗ ಸೇರಿದ್ದ ಆಂಧ್ರಪ್ರದೇಶ 1986ರ ತಿದ್ದುಪಡಿಯಿಂದ, ಕರ್ನಾಟಕ 1994ರ ತಿದ್ದುಪಡಿಯಿಂದ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರೂ ಎರಡೂ ಕಡೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿದ್ದವು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಬದುಕಿದ್ದಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ಹೀಗಿದ್ದೂ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದ ಪಿತ್ರಾರ್ಜಿತ ಮನೆಯ ಕ್ರಯಪತ್ರ ನಿರಾತಂಕವಾಗಿ ನೋಂದಣಿಯಾಗುತ್ತದೆ, ಏಕೆಂದರೆ ರಾಯಚೂರಿಗೋ ಕರ್ನೂಲಿಗೋ ಮದುವೆಯಾಗಿ ಹೋದ ಅಕ್ಕನ ಬಗ್ಗೆ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ನೆರೆಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತರೆ ಆಕೆಯ ಇರವು ಗೊತ್ತಾಗುತ್ತದೆ. ಈ ವಿಚಾರಣೆಯನ್ನು ಕೊಳ್ಳುವವನಷ್ಟು ಚೆನ್ನಾಗಿ ಬೇರಾರೂ ಮಾಡಲಾರರು. ದುಡ್ಡು ಕಳೆದುಕೊಳ್ಳುವ ಭಯ ಅವನೊಬ್ಬನಿಗೇ ಇರುವುದು.

ಹೊಲದ ವ್ಯವಹಾರ ಬೇರೆ ದಾರಿಯದು. ತೆಲಂಗಾಣದಲ್ಲಿ 2020ರಲ್ಲಿ ಬಂದ ಭೂದಾಖಲೆಗಳ ಧರಣಿ ಪೋರ್ಟಲ್ಲಿನಿಂದ ಕೃಷಿಭೂಮಿಯ ನೋಂದಣಿ ತಹಸೀಲ್ದಾರರಿಗೆ ಹೋಯಿತು; ಅದರ ಜಾಗಕ್ಕೆ 2025ರ ಏಪ್ರಿಲ್ 14ರಂದು ಭೂಭಾರತಿ ಬಂದು, ಮೊದಲ ಪ್ರಯೋಗಕ್ಕೆ ಆಯ್ದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದಾಯಿತು. ಬಿಳಿ ಕಾಗದದ ಮೇಲೆ ಬರೆದು ನೋಂದಣಿಯನ್ನೇ ಮಾಡಿಸದ ಸಾದಾ ಬೈನಾಮಾ ಎಂಬ ಮಾರಾಟವನ್ನು ಸಕ್ರಮಗೊಳಿಸುವಂತೆ 2020ರಲ್ಲಿ ರಾಜ್ಯದಲ್ಲಿ ಸುಮಾರು ಒಂಬತ್ತು ಲಕ್ಷ ಅರ್ಜಿಗಳು ಬಂದಿದ್ದವು. ಪಂಚರ ಮುಂದೆ ನಡೆದ ಈ ಕೊಡುಕೊಳ್ಳುವಿಕೆಯನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಊರೇ ಸಾಕ್ಷಿಯಾಗಿತ್ತು, ಇಲ್ಲದ್ದು ಕಾನೂನಿನ ಬಲ. ಗ್ರಾಮಕಂಠದ, ಎಂದರೆ ಊರ ವಸತಿ ಜಾಗದ, ಮನೆಗಳಿಗೆ ಎಷ್ಟೋ ಕಡೆ ಪಂಚಾಯಿತಿಯ ತೆರಿಗೆ ರಸೀದಿಯ ಹೊರತು ಬೇರೆ ಕಾಗದವೇ ಇಲ್ಲ, ಮತ್ತು ತೆರಿಗೆ ಕಟ್ಟಿದ್ದು ಒಡೆತನಕ್ಕೆ ಪುರಾವೆಯಾಗಲಾರದು.

ಇನ್ನು ಬರವಣಿಗೆ. ನೋಂದಣಿ ಇಲಾಖೆ ಮಾದರಿ ಪತ್ರಗಳನ್ನು ಒದಗಿಸುವುದರಿಂದ ಪೀಠಿಕೆಯ ಗಂಭೀರ ವಾಕ್ಯಗಳಿಗೆ ಯಾರೂ ಹೆದರಬೇಕಾಗಿಲ್ಲ. ಎಚ್ಚರ ಬೇಕಾದದ್ದು ಷೆಡ್ಯೂಲಿನಲ್ಲಿ, ಅಂದರೆ ಪತ್ರದ ಕೊನೆಗೆ ಬರುವ ಆಸ್ತಿಯ ವಿವರದಲ್ಲಿ: ಮನೆ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಪೂರ್ವಕ್ಕೆ ಯಾರ ಮನೆಯೆಂದು ಹಳೆಯ ಪತ್ರ ಹೇಳುತ್ತದೆಯೋ ಆತ ತೀರಿಕೊಂಡು ಮನೆ ಎರಡು ಭಾಗವಾಗಿರಬಹುದು. ಹಳೆಯ ಹೆಸರನ್ನೇ ನಕಲು ಮಾಡಿದರೆ ಗಡಿ ಕಾಗದದಲ್ಲಿ ಒಂದು, ನೆಲದ ಮೇಲೆ ಇನ್ನೊಂದು. ಹಗ್ಗವೋ ಟೇಪೋ ಹಿಡಿದು ಅಳೆದ ಕೊಳ್ಳುವವನು ಇದನ್ನು ಕಂಡುಕೊಳ್ಳುತ್ತಾನೆ, ಕಚೇರಿಯ ಮುಂದಿನ ಬರಹಗಾರ ಕಾಣಲಾರ. ಭಾಷೆಯ ತೊಡಕಿಗೂ ಕಾಯ್ದೆಯಲ್ಲಿ ದಾರಿಯಿದೆ: ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ರೂಢಿಯಲ್ಲೂ ಇಲ್ಲದ ಭಾಷೆಯ ಪತ್ರವನ್ನು ಅನುವಾದದ ಜೊತೆ ಹಾಜರುಪಡಿಸಬೇಕೆಂದು 19ನೇ ಕಲಂ ಹೇಳುತ್ತದೆ. ಆದರೂ ಗಡಿಯ ಕನ್ನಡಿಗರು ತೆಲುಗಿನಲ್ಲಿ ಬರೆಸುವುದೇ ವಾಡಿಕೆ. ಹಾಗಾದಲ್ಲಿ ಸಹಿಗೆ ಮುನ್ನ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು.

ಸ್ವಂತ ಶ್ರಮ ಸಾಲದ ಕೆಲವು ಸಂದರ್ಭಗಳೂ ಇವೆ: ನ್ಯಾಯಾಲಯದಲ್ಲಿ ದಾವೆಯಿರುವ ಮನೆ, ವಿದೇಶದಲ್ಲಿರುವ ವಾರಸುದಾರನ ಮುಖ್ತಿಯಾರು ಪತ್ರ, ಅಪ್ರಾಪ್ತ ವಯಸ್ಕರ ಸ್ವಂತ ಆಸ್ತಿ. ಈ ಕೊನೆಯದರಲ್ಲಿ 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಂತೆ ತಾಯಿಯಾಗಲಿ ತಂದೆಯಾಗಲಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದರೆ, ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದುಮಾಡಿಸಬಹುದು. ಇಂಥಲ್ಲಿ ವಕೀಲರ ಶುಲ್ಕ ಉಳಿಸಹೊರಟವರು ಮನೆಯನ್ನೇ ಬಿಟ್ಟುಕೊಡಬೇಕಾದೀತು.