ಅಳುವುದನ್ನು ಮರೆತ ಕೂಸುಗಳು

ಹಸುಗೂಸು ಎಡೆಬಿಡದೆ ಅತ್ತರೆ ಮನೆಮಂದಿಗೆಲ್ಲ ಕಿರಿಕಿರಿ. ಆದರೆ ಅಳುವುದನ್ನೇ ಬಿಟ್ಟ ಕೂಸುಗಳನ್ನು ಕಂಡವರಿಗೆ ಆ ಅಳುವಿನ ಬೆಲೆ ತಿಳಿದೀತು. 1989ರ ಡಿಸೆಂಬರಿನಲ್ಲಿ ರುಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು ಪದಚ್ಯುತನಾದ ಮೇಲೆ ಅಲ್ಲಿನ ಅನಾಥಾಲಯಗಳಿಗೆ ಕಾಲಿಟ್ಟ ಹೊರಗಿನವರು ಕಂಡದ್ದು ಇಂಥ ಮಕ್ಕಳನ್ನು. ಸಾಲು ಸಾಲು ತೊಟ್ಟಿಲುಗಳ ತುಂಬ ಶಿಶುಗಳು. ಕೋಣೆ ಮಾತ್ರ ನಿಶ್ಶಬ್ದ. ಅತ್ತರೂ ಯಾರೂ ಬರುವುದಿಲ್ಲ ಎಂಬುದನ್ನು ಅವು ಕಲಿತುಬಿಟ್ಟಿದ್ದವು.

ಇವರಲ್ಲಿ ಹೆಚ್ಚಿನವರು ತಂದೆತಾಯಿ ಸತ್ತು ಅನಾಥರಾದವರಲ್ಲ. ಜನಸಂಖ್ಯೆ ಹೆಚ್ಚಿಸುವ ಹಟದಿಂದ ಸರ್ಕಾರ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತ್ತು. ಹೆತ್ತ ಮಕ್ಕಳನ್ನು ಸಾಕಲಾಗದ ಬಡವರು ಸರ್ಕಾರಿ ನಿಲಯಗಳಿಗೆ ಒಪ್ಪಿಸಿದರು. ಇಂಥ ಮಕ್ಕಳ ಸಂಖ್ಯೆ ಲಕ್ಷವನ್ನು ಮೀರಿತು. ಗಡಿಯಾರ ನೋಡಿ ಹಾಲುಣಿಸಿ, ಬಟ್ಟೆ ಬದಲಿಸಿದರೆ ಆಯಾಗಳ ಕೆಲಸ ಮುಗಿಯಿತು. ಎತ್ತಿಕೊಂಡು ಮಾತನಾಡಿಸಲು ಯಾರಿಗೂ ಪುರಸೊತ್ತಿರಲಿಲ್ಲ.

ಹೊಡೆತ, ಬೈಗುಳಗಳಷ್ಟೇ ಹಿಂಸೆಯಲ್ಲ. ಗಮನಿಸದೆ ಬಿಡುವುದೂ ಹಿಂಸೆಯೇ. ಈ ಮಕ್ಕಳಲ್ಲಿ ಕೆಲವರು ಬಹಳ ಹೊತ್ತು ಮೈಯನ್ನು ಹಿಂದೆ ಮುಂದೆ ತೂಗುತ್ತ ಕೂರುತ್ತಿದ್ದರು. ಇನ್ನು ಕೆಲವರು ಅಪರಿಚಿತರತ್ತ ಓಡಿಬಂದು ತೋಳು ಚಾಚುತ್ತಿದ್ದರು. ನೋಡಿದವರಿಗೆ ಅದು ಅಕ್ಕರೆಯಂತೆ ಕಂಡರೂ ಮನೋವಿಜ್ಞಾನಿಗಳಿಗೆ ಅದೇ ಆತಂಕದ ವಿಷಯ. 'ಇವರು ನನ್ನವರು' ಎಂಬ ನಂಟು ಬೆಳೆದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗು ಹಿಡಿಯುತ್ತದೆ. ಯಾರೊಂದಿಗೂ ನಂಟಿಲ್ಲದ ಮಗುವಿಗೆ ಎಲ್ಲರೂ ಒಂದೇ.

ಅಮೆರಿಕದ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು ಬುಕಾರೆಸ್ಟಿನ ನಿಲಯಗಳ 136 ಎಳೆಯ ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಡಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನಾಲ್ಕೂವರೆ ವರ್ಷಕ್ಕೆ ನಿಲಯಕ್ಕೆಂದೇ ಗೊತ್ತುಮಾಡಿದವರ ಸರಾಸರಿ ಬುದ್ಧಿಸೂಚ್ಯಂಕ 73, ಸಾಕುಮನೆಯವರದು 81, ಹೆತ್ತವರ ಮನೆಯಲ್ಲೇ ಬೆಳೆದವರದು 109. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ ಅದು. ಮಗು ಕೂಗಿದಾಗ ಹಿರಿಯರು ಓಗೊಡುವುದು, ನಕ್ಕಾಗ ನಗುವುದು, ಇವು ಆ ಬೆಳವಣಿಗೆಗೆ ಆಹಾರದಷ್ಟೇ ಅಗತ್ಯ.

ಹಾಗಾದರೆ ಎಳವೆಯಲ್ಲಿ ನೊಂದವರ ಬದುಕು ಮುಗಿದಂತೆಯೇ? ಹಾಗೆ ತೀರ್ಮಾನಿಸಬೇಕಿಲ್ಲ. ಬ್ರಿಟನ್ನಿನ ಕುಟುಂಬಗಳು ದತ್ತು ಪಡೆದ ರುಮೇನಿಯಾದ ಮಕ್ಕಳನ್ನು ಮೈಕೆಲ್ ರಟ್ಟರ್ ಮತ್ತು ಸಹೋದ್ಯೋಗಿಗಳು ಯೌವನದವರೆಗೂ ಗಮನಿಸಿದರು. ನಿಲಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಕಾಲ ಇದ್ದವರು ಬಹುಮಟ್ಟಿಗೆ ಇತರರಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಅನೇಕರಿಗೆ ತೊಂದರೆಗಳು ಉಳಿದವು. ಆದರೂ ಅವರಲ್ಲಿ ಐದರಲ್ಲಿ ಒಂದು ಪಾಲು ಮಕ್ಕಳಲ್ಲಿ ಅಂಥ ಸಮಸ್ಯೆಗಳು ಕಾಣಲಿಲ್ಲ. ಬಾಲ್ಯದ ಗಾಯ ಆಳವಾದದ್ದು ನಿಜ, ಆದರೆ ಅದು ಹಣೆಬರಹವಲ್ಲ.

ರುಮೇನಿಯಾ 2004ರ ಕಾನೂನಿನ ಮೂಲಕ ಎರಡು ವರ್ಷದೊಳಗಿನ ಮಕ್ಕಳನ್ನು ನಿಲಯಗಳಿಗೆ ಸೇರಿಸುವುದಕ್ಕೆ ತಡೆ ಹಾಕಿತು. ಭಾರತದ 2015ರ ಬಾಲನ್ಯಾಯ ಕಾಯ್ದೆಯೂ ಪೋಷಕ ಕುಟುಂಬಗಳಿಗೆ ಅವಕಾಶ ಕೊಟ್ಟಿದೆ.

'ಎತ್ತಿಕೊಂಡು ರೂಢಿ ಮಾಡಬೇಡಿ' ಎಂಬ ಬುದ್ಧಿವಾದ ಎಳೆಯ ತಾಯಂದಿರಿಗೆ ಈಗಲೂ ಸಿಗುತ್ತಲೇ ಇರುತ್ತದೆ. ಅತ್ತಾಗ ಎತ್ತಿಕೊಂಡ ಮಗು ಕೆಡುವುದಿಲ್ಲ. ಕರೆದರೆ ಯಾರಾದರೂ ಬರುತ್ತಾರೆ ಎಂಬ ನಂಬಿಕೆ ಅದರಲ್ಲಿ ಬೇರೂರುತ್ತದೆ. ಮುಂದೆ ಸ್ನೇಹ, ದಾಂಪತ್ಯ, ಆತ್ಮವಿಶ್ವಾಸ ಎಲ್ಲಕ್ಕೂ ಬೇಕಾಗುವುದು ಅದೇ ನಂಬಿಕೆ.