ಹೆಸರು ಅವರದು, ಕಳಂಕ ಯಾರದು?

ಊರಲ್ಲಿ ಕೂತು ಇಂಗ್ಲಿಷ್ ಪೇಪರ್ ಓದುವ ನಿಮಗೆ ‘ಪರಾಯ’ ಎಂಬ ಪದ ಹೊಸದೇನಲ್ಲ. ಒಂದು ದೇಶವನ್ನು ಉಳಿದ ದೇಶಗಳು ದೂರ ಇಟ್ಟರೆ ಅದು ‘ಪರಾಯ ಸ್ಟೇಟ್’. ನಮ್ಮ ಬೀದಿನಾಯಿ ‘ಪರಾಯ ಡಾಗ್’. ಹಿಂದಿಯ ‘ಪರಾಯಾ’ದಿಂದ ಬಂದಿರಬೇಕು ಅಂತ ಊಹಿಸುವವರೂ ಇದ್ದಾರೆ. ಅಲ್ಲ ಸ್ವಾಮಿ, ಅದು ಹುಟ್ಟಿದ್ದು ನಾನು ಬಾಡಿಗೆಗಿರುವ ಈ ತಮಿಳು ನೆಲದಲ್ಲಿ. ಅದು ಪರೈಯರ್ ಎಂಬ ಜಾತಿಯ ಹೆಸರು.

ಪರೈ ಅಂದರೆ ಚರ್ಮವಾದ್ಯ, ನಮ್ಮ ಹಲಗೆ-ತಮಟೆಗಳ ಒಡಹುಟ್ಟು. ಅದನ್ನು ಬಾರಿಸುವವರು ಎಂಬುದರಿಂದ ಈ ಹೆಸರು ಬಂತೆಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಬಾರಿಸಿದವರು ಕೆಲವರೇ. ಬಹುಪಾಲು ಜನ ಊರಾಚೆಯ ಚೇರಿಯಲ್ಲಿದ್ದುಕೊಂಡು ಯಾರದೋ ಗದ್ದೆಯಲ್ಲಿ ದುಡಿದರು. 17ನೇ ಶತಮಾನದ ಆರಂಭದಲ್ಲಿ ಈ ಹೆಸರು ಇಂಗ್ಲಿಷಿಗೆ ಸೇರಿತು. 19ನೇ ಶತಮಾನದ ಹೊತ್ತಿಗೆ, ಸಮಾಜ ಹೊರಗಿಟ್ಟ ಯಾರಿಗೆ ಬೇಕಾದರೂ ಅಂಟಿಸುವ ಚೀಟಿಯಾಯಿತು.

ಆ ಜನ ಸುಮ್ಮನಿರಲಿಲ್ಲ. ರೆಟ್ಟಮಲೈ ಶ್ರೀನಿವಾಸನ್ 1893ರಲ್ಲಿ ‘ಪರೈಯನ್’ ಎಂದೇ ಪತ್ರಿಕೆ ತೆಗೆದು, ಹೀಗಳೆದ ಹೆಸರನ್ನು ತಲೆಯೆತ್ತಿ ಹೇಳಿದರು. ಅಯೋತಿದಾಸ ಪಂಡಿತರು ಆ ಹೆಸರೇ ಬೇಡ, ನಾವು ಮೂಲ ಬೌದ್ಧರು ಅಂದರು. ಅವರ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೂ ಇತ್ತು. ‘ಪರೈಯ’, ‘ಪಂಚಮ’ ಎನ್ನುವುದನ್ನು ಬಿಟ್ಟು ‘ಆದಿ ದ್ರಾವಿಡ’ ಎನ್ನಬೇಕೆಂಬ ಎಂ.ಸಿ. ರಾಜಾ ಅವರ ನಿರ್ಣಯಕ್ಕೆ ಮದ್ರಾಸ್ ಶಾಸನಸಭೆ 1922ರಲ್ಲಿ ಒಪ್ಪಿಗೆ ಕೊಟ್ಟಿತು. ನೂರು ವರ್ಷ ದಾಟಿತು. ಇಂಗ್ಲಿಷ್ ಮಾತ್ರ ಬಿಡಲಿಲ್ಲ. 2019ರಲ್ಲಿ ಜೋ ಬೈಡನ್ ಚುನಾವಣಾ ಚರ್ಚೆಯಲ್ಲಿ ಸೌದಿ ಅರೇಬಿಯಾವನ್ನು ಜರಿದದ್ದೂ ಇದೇ ಪದದಿಂದ.

‘ಅರ್ಥ ಬದಲಾಗಿದೆ, ಮೂಲ ಯಾರಿಗೆ ನೆನಪಿದೆ?’ ಅಂತ ಒಂದು ಸಮಜಾಯಿಷಿ ಇದೆ. ಲಂಡನ್ನಿನಲ್ಲಿ ನೆನಪಿಲ್ಲದಿರಬಹುದು. ಚೆನ್ನೈಯಲ್ಲಿ ಯಾರೂ ಮರೆತಿಲ್ಲ. ಜಗಳದಲ್ಲಿ ಅದು ಬೈಗುಳವಾಗಿ ಬೀಳುವುದನ್ನು ನಾನೇ ಕೇಳಿದ್ದೇನೆ. ದಲಿತನೊಬ್ಬನನ್ನು ನಾಲ್ಕು ಜನರೆದುರು ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದೇ ಹೆಸರು ನಮ್ಮ ದೇಶದ್ದೇ ಪತ್ರಿಕೆಯ ಸಂಪಾದಕೀಯದಲ್ಲಿ ಬಂದರೆ ಒಳ್ಳೆಯ ಇಂಗ್ಲಿಷ್! ಇದು ಯಾವ ನ್ಯಾಯ?

ಇನ್ನೂ ಒಂದು ವಿಚಿತ್ರ ನೋಡಿ. ಕರಿಯರನ್ನು ಹೊರಗಿಟ್ಟ ತಪ್ಪಿಗೆ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರವನ್ನು ಜಗತ್ತು ದೂರ ಇಟ್ಟಾಗ, ಅದಕ್ಕೂ ‘ಪರಾಯ’ ಅಂದರು. ಹೊರಗಿಟ್ಟವನಿಗೆ ಹೊರಗಿಡಿಸಿಕೊಂಡವನ ಹೆಸರು! ಪರೈಯರು ಯಾವ ದೇಶದ ಮೇಲೆ ದಂಡೆತ್ತಿ ಹೋದರು? ಯಾರನ್ನು ಕೊಂದರು? ಮಾಡದ ತಪ್ಪಿಗೆ ಶಿಕ್ಷೆ ಉಂಡವರ ಹೆಸರನ್ನು, ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಇಡುವುದು ಎರಡನೇ ಅವಮಾನ.

ಇದು ತಮಿಳರ ಪಾಡು ಅಂತ ಕೈತೊಳೆದುಕೊಳ್ಳಬೇಡಿ. ಕನ್ನಡದಲ್ಲೂ ಯಾವುದೋ ಪಕ್ಷದ ಜೊತೆ ಯಾರೂ ಸೇರದಿದ್ದರೆ ‘ರಾಜಕೀಯ ಅಸ್ಪೃಶ್ಯತೆ’ ಅಂತ ಬರೆಯುತ್ತೇವೆ. ಸೀಟು ಹಂಚಿಕೆಯ ಮುನಿಸಿಗೂ ಕೆರೆಯ ನೀರು ಮುಟ್ಟಗೊಡದ ಕ್ರೌರ್ಯಕ್ಕೂ ಒಂದೇ ಪದವೇ? ‘ಒಂಟಿಯಾದ ಪಕ್ಷ’, ‘ಬಹಿಷ್ಕಾರಕ್ಕೊಳಗಾದ ದೇಶ’ ಅಂದರೆ ಸಾಕು, ಅರ್ಥ ಆಗುತ್ತೆ.

2020ರ ಡಿಸೆಂಬರಿನಲ್ಲಿ ಪಾ. ರಂಜಿತ್ ಚೆನ್ನೈಯಲ್ಲಿ ಜನಪದ ಸಂಗೀತೋತ್ಸವವೊಂದನ್ನು ಶುರುಮಾಡಿದರು. ಅದರಲ್ಲಿ ಪರೈ ವೇದಿಕೆಯ ನಡುವೆಯೇ ನಿಂತು ಮೊಳಗುತ್ತದೆ. ವಾದ್ಯಕ್ಕೆ ಮಾನ ಬಂದಿದೆ. ವಾದ್ಯದಿಂದ ಬಂದ ಹೆಸರಿಗೂ ಬರಬೇಕು. ಅದಕ್ಕೆ ಕಾಯ್ದೆ ಬೇಡ, ಬರೆಯುವವರ ಕೈ ಒಂದು ಗಳಿಗೆ ತಡೆದರೆ ಸಾಕು.