ಗಾಂಧಿ ಕ್ಲಾಸ್ ಬೆಂಚಿನಿಂದ: ನಾಲ್ಕು ‘999’ಗಳಲ್ಲಿ ನಂಬರ್ ಒನ್ ಯಾವುದು?



ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಾಲ್ಕು ಹುಡುಗರು ಒಟ್ಟು ಸೇರಿದರೆ ಎಂತ ಮಾತು? ಮೊದಲು ಕ್ರಿಕೆಟ್ಟು, ಆಮೇಲೆ ಸಿನಿಮಾ. ಸಿನಿಮಾದಲ್ಲೂ ಈಗ ಒಂದೇ ತಕರಾರು: ಯಾವ ಪಾರ್ಟು ಮೇಲೆ? 2018ರ ‘ಕೆಜಿಎಫ್’ ಜೋರೋ, 2022ರ ಎರಡನೆಯದು ಜೋರೋ? 2022ರ ‘ಕಾಂತಾರ’ ದೊಡ್ಡದೋ, 2025ರ ‘ಚಾಪ್ಟರ್ 1’ ದೊಡ್ಡದೋ? ತಲಪಾಡಿ ಬಸ್ಸು ಬಂದು ಹಾರ್ನ್ ಹೊಡೆದರೂ ತೀರ್ಪು ಸಿಗುವುದಿಲ್ಲ. ಕೆಲವೊಮ್ಮೆ ಬಸ್ಸೂ ತಪ್ಪುತ್ತದೆ, ಸ್ನೇಹವೂ ಕೆಡುತ್ತದೆ!

ಆದರೆ ತಮ್ಮಂದಿರೇ, ಪಾರ್ಟುಗಳ ಈ ಜಗಳ ಕನ್ನಡಕ್ಕೆ ಹೊಸತಲ್ಲ. ನಿಮ್ಮ ಅಜ್ಜಂದಿರಿಗೆ ಮೀಸೆ ಚಿಗುರುವ ಕಾಲದಲ್ಲೇ ಕನ್ನಡದಲ್ಲೊಂದು ಫೈಟಿಂಗ್ ಸರಣಿ ಇತ್ತು. ಒಂದಲ್ಲ, ಎರಡಲ್ಲ, ನಾಲ್ಕು ಚಿತ್ರ! ನಾಯಕ ಸಾಕ್ಷಾತ್ ನಟಸಾರ್ವಭೌಮ ಡಾ. ರಾಜ್‌ಕುಮಾರ್. ಪಾತ್ರದ ಹೆಸರು ಪ್ರಕಾಶ್, ನಂಬರು 999. ನಿರ್ದೇಶನ ದೊರೆ–ಭಗವಾನ್ ಜೋಡಿಯದ್ದು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮೊದಲ ಮೂರು ಕಪ್ಪು-ಬಿಳುಪು, ಕೊನೆಯದು ಬಣ್ಣದ್ದು. ಇನ್ನೊಂದು ತಮಾಷೆ ನೋಡಿ: ಹೆಸರಿನಲ್ಲಿ 999 ಇರುವುದು ನಡುವಿನ ಎರಡು ಚಿತ್ರಕ್ಕೆ ಮಾತ್ರ. ಅಷ್ಟಕ್ಕೇ ‘ಮೊದಲನೆಯದ್ದು, ಕೊನೆಯದ್ದು ಲೆಕ್ಕಕ್ಕೇ ಇಲ್ಲ’ ಎಂದು ವಾದಿಸುವ ಪುಣ್ಯಾತ್ಮರೂ ಇದ್ದಾರೆ!

ಹಾಗಾದರೆ ನಾಲ್ಕರಲ್ಲಿ ಮೇಲು ಯಾವುದು? ತೀರ್ಪಿಗೆ ಮೊದಲು ಅಳತೆಗೋಲು ಬೇಕಲ್ಲ ಸ್ವಾಮಿ!

ಕಂಬಳದಲ್ಲಿ ತೀರ್ಪು ಸುಲಭ. ಕರೆ ಒಂದೇ, ನೀರು ಒಂದೇ, ಯಾವ ಕೋಣ ಮೊದಲು ಮುಟ್ಟಿತೋ ಅದು ಗೆದ್ದಿತು. ಸಿನಿಮಾಕ್ಕೆ ಹಾಗಿಲ್ಲ. 1968ರ ಕರೆ ಬೇರೆ, 1978ರ ಕರೆ ಬೇರೆ. ಒಂದಕ್ಕೆ ಬಣ್ಣ ಉಂಟು, ಇನ್ನೊಂದಕ್ಕಿಲ್ಲ. ಹಾಗಾಗಿ ಯಕ್ಷಗಾನದ ಕಡೆ ನೋಡುವ. ನಿನ್ನೆ ರಾತ್ರಿಯ ಆಟ ತಪ್ಪಿಸಿಕೊಂಡವನೂ ಇವತ್ತಿನ ಆಟಕ್ಕೆ ಬಂದು ಚಾಪೆ ಹಾಸಿ ಕೂರಬಹುದು. ಅಭಿಮನ್ಯುವಿನ ಪ್ರಸಂಗ ನೋಡಲು ಆದಿಪರ್ವದ ಟಿಕೆಟು ತೋರಿಸಬೇಕಾಗಿಲ್ಲ. ಸರಣಿ ಚಿತ್ರಕ್ಕೂ ಇದೇ ಮೊದಲ ಪರೀಕ್ಷೆ: ಮಿಕ್ಕವನ್ನು ನೋಡದವನಿಗೂ ಅದು ಪೂರ್ತಿ ಊಟ ಆಗಬೇಕು. ಎರಡನೇ ಪರೀಕ್ಷೆ: ಹಿಂದಿನದರಲ್ಲಿ ಇಲ್ಲದ ಯಾವ ಹೊಸ ರುಚಿ ಬಡಿಸಿತು?

ಮೊದಲ ಪರೀಕ್ಷೆಯಲ್ಲಿ ನಾಲ್ಕೂ ಪಾಸು! ಯಾಕೆಂದರೆ ಆಗ ಬೇರೆ ದಾರಿಯೇ ಇರಲಿಲ್ಲ. ಥಿಯೇಟರಿನಿಂದ ಚಿತ್ರ ಎತ್ತಿದರೆ ಮುಗಿಯಿತು. ಟಿ.ವಿ. ಇಲ್ಲ, ವಿಡಿಯೋ ಇಲ್ಲ, ಮೊಬೈಲಂತೂ ಇಲ್ಲವೇ ಇಲ್ಲ. ‘ಹಿಂದಿನ ಭಾಗ ನೋಡಿ ಬನ್ನಿ’ ಎಂದರೆ ಪ್ರೇಕ್ಷಕ ಎಲ್ಲಿಗೆ ಹೋಗಬೇಕು? ಅದಕ್ಕೇ ಪ್ರಕಾಶ್ ಪ್ರತಿ ಸಲ ಹೊಸ ಕೇಸು ಹಿಡಿದ, ಪ್ರತಿ ಸಲ ಪೂರ್ತಿ ಮುಗಿಸಿ ಕೊಟ್ಟ.

ಇನ್ನು ಎರಡನೇ ಪರೀಕ್ಷೆ. ಒಂದೊಂದಾಗಿ ಬರುವ.

‘ಜೇಡರ ಬಲೆ’: 1962ರಲ್ಲಿ ‘ಡಾ. ನೋ’ ಚಿತ್ರದಿಂದ ಶಾನ್ ಕಾನರಿ 007 ಆಗಿ ಬಂದದ್ದೇ ತಡ, ದಕ್ಷಿಣದಲ್ಲೂ ಪತ್ತೇದಾರರ ಸಂತೆ ನೆರೆಯಿತು. 1966ರಲ್ಲಿ ತೆಲುಗಿನ ಕೃಷ್ಣ ‘ಗೂಢಚಾರಿ 116’ ಆದರು. ಕನ್ನಡದಲ್ಲಿ ಯಾರು? ರಣಧೀರ ಕಂಠೀರವನಾಗಿ ಕತ್ತಿ ಹಿಡಿದವರು, ಕಿರೀಟ ತೊಟ್ಟು ಪುರಾಣದ ವೇಷ ಮಾಡಿದವರು, ರಂಗಭೂಮಿಯಿಂದ ಬಂದವರು ರಾಜ್. ವಯಸ್ಸು ನಲವತ್ತರ ಹತ್ತಿರ. ಆ ವರ್ಷವೇ ಅವರ ‘ಮಣ್ಣಿನ ಮಗ’ ಬಂತು, ‘ಹಣ್ಣೆಲೆ ಚಿಗುರಿದಾಗ’ ಬಂತು. ಒಂದು ಕಡೆ ಮಣ್ಣು, ಒಂದು ಕಡೆ ಸಂಸಾರ. ಅದರ ನಡುವೆ ಕೋಟು ತೊಟ್ಟು ಪಿಸ್ತೂಲು ಹಿಡಿದರೆ ಜನ ಒಪ್ಪುತ್ತಾರಾ? ಒಪ್ಪಿದರು! ಎದುರಿಗೆ ಉದಯಕುಮಾರ್ ಅವರಂಥ ಗತ್ತಿನ ಖಳ, ಜೊತೆಗೆ ಜಯಂತಿ, ನಗಿಸಲು ನರಸಿಂಹರಾಜು, ಸಂಗೀತಕ್ಕೆ ಜಿ.ಕೆ. ವೆಂಕಟೇಶ್. ಲೋಹವನ್ನು ಚಿನ್ನ ಮಾಡುವ ಸೂತ್ರದ ಸುತ್ತ ಕಥೆ. ಇದೇನು ಬರೀ ಹುಡುಗಾಟಿಕೆಯ ಕಥೆ ಎನ್ನಬೇಡಿ. ಅದೇ 1968ರಲ್ಲಿ ದೇಶದಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಬಂತು, 1990ರವರೆಗೆ ಇತ್ತು. ಮನೆಯಲ್ಲಿ ಚಿನ್ನದ ಗಟ್ಟಿ ಇಟ್ಟರೆ ಅಪರಾಧ ಎನ್ನುವ ಕಾಲ. ಕಳ್ಳಸಾಗಣೆಯ ಮಾತು ಪಡುವಣ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಗೋವಾದಲ್ಲಿ ಸಿ.ಐ.ಡಿ. 999’: ಮಂಗಳೂರಿನವರು ಇದಕ್ಕೆ ಎರಡು ಅಂಕ ಜಾಸ್ತಿ ಕೊಟ್ಟರೆ ಬೇಡ ಎನ್ನಲಾಗದು. ಇಲ್ಲಿಯ ಕೊಂಕಣಿ ಮನೆಗಳ ಹಿರಿಯರು ಗೋವಾದಿಂದಲೇ ಬಂದವರು. ಆ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಏಳೇ ವರ್ಷದಲ್ಲಿ ಕನ್ನಡದ ಪತ್ತೇದಾರ ಅಲ್ಲಿಗೆ ಹೋದ! ಅಲ್ಲಿಯ ತನಕ ಪಾಸ್‌ಪೋರ್ಟಿನ ಊರಾಗಿದ್ದದ್ದು ಕನ್ನಡ ಚಿತ್ರದ ಊರಾಯಿತು. ಮುಂದೆ ಅನಂತನಾಗ್ ಜೋಡಿಯಾಗಿ ಮನೆಮಾತಾದ ಲಕ್ಷ್ಮಿ ಕನ್ನಡಕ್ಕೆ ಕಾಲಿಟ್ಟದ್ದು ಈ ಚಿತ್ರದಲ್ಲೇ. ಆಗ ತುಳು ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ತುಳು ಮಾತಾಡುವ ಹುಡುಗನಿಗೂ ಆಗ ತನ್ನವನೆಂದು ಸೀಟಿ ಹೊಡೆಯಲು ರಾಜಣ್ಣನೇ ಹೀರೋ.

‘ಆಪರೇಷನ್ ಜಾಕ್‌ಪಾಟ್’: ಹಿಂದಿ ತಾರೆ ರೇಖಾ ನಾಯಕಿಯಾಗಿ ಮೊದಲು ಕಾಣಿಸಿದ್ದು ಎಲ್ಲಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಸಾವನ್ ಭಾದೋಂ’ ಎನ್ನುತ್ತಾರೆ. ತಪ್ಪು! ಅದು 1970. ಅದಕ್ಕೂ ಒಂದು ವರ್ಷ ಮೊದಲು ಆಕೆ ನಮ್ಮ 999ರ ನಾಯಕಿ. ಇಷ್ಟು ಹೆಮ್ಮೆ ಇದ್ದರೂ ಒಂದು ಮಾತು ಹೇಳಲೇಬೇಕು. ಎರಡೇ ವರ್ಷದಲ್ಲಿ ಮೂರನೇ ಸಲ ಅದೇ ಕೋಟು, ಅದೇ ಪಿಸ್ತೂಲು. ಮೂರು ಹೊತ್ತೂ ಪಾಯಸ ಬಡಿಸಿದರೆ ನಾಲಿಗೆ ಎಷ್ಟೆಂದು ಮೆಚ್ಚೀತು?

‘ಆಪರೇಷನ್ ಡೈಮಂಡ್ ರಾಕೆಟ್’: ದೊರೆ–ಭಗವಾನ್ ಜಾಣರು. ಒಂಬತ್ತು ವರ್ಷ ಪ್ರಕಾಶನನ್ನು ಮನೆಯಲ್ಲಿ ಕೂರಿಸಿದರು. ಆ ನಡುವೆ ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ ಮಾಡಿ, ಹೆಂಗಸರ ಕಣ್ಣಲ್ಲಿ ನೀರು ತರಿಸಿ, ಆಮೇಲೆ 1978ರಲ್ಲಿ ವಾಪಸು ಕರೆತಂದರು. ಬಣ್ಣ ಬಂತು, ನೇಪಾಳದ ನೋಟ ಬಂತು, ಪದ್ಮಪ್ರಿಯಾ ಬಂದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಂಠದ್ದು. ಹಿಂದೆ ರಾಜ್‌ಗೆ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ರಾಜ್ ತಮಗೆ ತಾವೇ ಹಾಡತೊಡಗಿದರು. ಈ ಚಿತ್ರದಲ್ಲಿ ಇಂಗ್ಲಿಷಿನಲ್ಲೇ ಹಾಡಿಬಿಟ್ಟರು! ಬರೆದವರು ಚಿ. ಉದಯಶಂಕರ್. ವಯಸ್ಸು 49 ಎಂದು ಯಾರಿಗೂ ನೆನಪಾಗಲಿಲ್ಲ. ಹಸಿದವನಿಗೆ ಬಡಿಸಿದ ಊಟ ಅದು.

ಇಲ್ಲೇ ಇವತ್ತಿನ ಹುಡುಗರ ಲೆಕ್ಕ ಹಳಿ ತಪ್ಪುವುದು. ಮೊಬೈಲಿನಲ್ಲಿ ಆ ಇಂಗ್ಲಿಷ್ ಹಾಡಿನ ತುಣುಕು ಒಂದು ನಿಮಿಷ ನೋಡುತ್ತಾರೆ, ‘ಡೈಮಂಡ್ ರಾಕೆಟ್ಟೇ ಟಾಪ್ ಮಾರಾಯ, ಬಾಕಿದ್ದೆಲ್ಲ ಹಳತು’ ಎನ್ನುತ್ತಾರೆ. ಉಪ್ಪಿನಕಾಯಿ ನೆಕ್ಕಿ ಮದುವೆ ಊಟಕ್ಕೆ ಮಾರ್ಕು ಕೊಟ್ಟ ಹಾಗಾಯಿತು! ತುಣುಕಿನಲ್ಲಿ ಬಣ್ಣ ಗೆಲ್ಲುತ್ತದೆ, ಹಾಡು ಗೆಲ್ಲುತ್ತದೆ. ಕಪ್ಪು-ಬಿಳುಪಿನಲ್ಲಿ ನಿಧಾನಕ್ಕೆ ಬಲೆ ನೇಯುವ ಚಿತ್ರ ಸೋಲುತ್ತದೆ. ಪೂರ್ತಿ ನೋಡಿದವನ ಬಾಯಲ್ಲಿ ಮಾತ್ರ ತೀರ್ಪಿಗೆ ಬೆಲೆ.

ಸರಿ, ಈ ಬೆಂಚಿನ ತೀರ್ಪು ಹೀಗೆ. ಒಂದನೇ ಸ್ಥಾನ ‘ಜೇಡರ ಬಲೆ’. ಮುಂದೆ ದಾರಿಯೇ ಇಲ್ಲದಾಗ ದಾರಿ ಕಡಿದ ಚಿತ್ರ. ಸೋತಿದ್ದರೆ ಮಿಕ್ಕ ಮೂರೂ ಹುಟ್ಟುತ್ತಿರಲಿಲ್ಲ. ಎರಡನೇ ಸ್ಥಾನ ‘ಡೈಮಂಡ್ ರಾಕೆಟ್’. ಹಳೆ ಪಾತ್ರಕ್ಕೆ ಹೊಸ ಜೀವ ಕೊಟ್ಟಿತು. ಮೂರನೆಯದು ‘ಗೋವಾ’, ನಾಲ್ಕನೆಯದು ‘ಜಾಕ್‌ಪಾಟ್’. ಮಂಗಳೂರಿನವರು ಗೋವಾವನ್ನು ಎರಡಕ್ಕೆ ಏರಿಸಿದರೆ ಈ ಬೆಂಚು ಕೋರ್ಟಿಗೆ ಹೋಗುವುದಿಲ್ಲ!

ಇದೇ ಅಳತೆಗೋಲನ್ನು ಈಗಿನ ಚಿತ್ರಗಳಿಗೂ ಹಿಡಿದು ನೋಡಿ. ‘ಕಾಂತಾರ’ 2022ರಲ್ಲಿ ಒಂಟಿಯಾಗಿ ನಿಂತಿತು. ಹಿಂದೆ ಮುಂದೆ ಯಾವ ಆಸರೆಯೂ ಬೇಕಾಗಲಿಲ್ಲ. ‘ಕೆಜಿಎಫ್’ ಮೊದಲ ಭಾಗ ಅರ್ಧ ಕಥೆ ಹೇಳಿ ಮುಂದಿನ ಭಾಗಕ್ಕೆ ಕೈ ತೋರಿಸಿತು. ಕೆಜಿಎಫ್ ಅಭಿಮಾನಿಗಳು ಕಣ್ಣು ಕೆಂಪು ಮಾಡಬೇಡಿ. ಗತ್ತಿನಲ್ಲಿ, ಗದ್ದಲದಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ನಾಳೆ ‘ಭಾಗ 3’, ‘ಭಾಗ 4’ ಎಂದು ಯಾರೇ ಬಂದರೂ ನೀವು ಕೇಳಬೇಕಾದದ್ದು ಒಂದೇ: ಇವತ್ತು ನಾನು ಕೊಟ್ಟ ಕಾಸಿಗೆ ಇವತ್ತೇ ಪೂರ್ತಿ ಕಥೆ ಉಂಟಾ, ಇಲ್ಲವಾ? ಅದು ಬಡ ಪ್ರೇಕ್ಷಕನ ಹಕ್ಕು. 999ರ ಕಾಲದಲ್ಲಿ ಅವನಿಗೆ ಅದು ಕೇಳದೆಯೇ ಸಿಗುತ್ತಿತ್ತು.

ರಾಜ್ 2006ರಲ್ಲಿ ಹೋದರು. ದೊರೆ ಅವರಿಗೂ ಮೊದಲೇ ಹೋಗಿದ್ದರು. ಜಯಂತಿ 2021ರಲ್ಲಿ, ಭಗವಾನ್ 2023ರಲ್ಲಿ. ಬಲೆ ನೇಯ್ದವರು ಇಲ್ಲ, ಬಲೆ ಉಂಟು. ಮುಂದಿನ ಭಾನುವಾರ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಜೇಡರ ಬಲೆ’ ಪೂರ್ತಿ ನೋಡಿ. ಆಮೇಲೆ ನಿಮ್ಮ ಪಟ್ಟಿ ಬರೆದು ಕಾರ್ಡು ಹಾಕಿ. ಒಂದೇ ಷರತ್ತು: ನೋಡದ ಚಿತ್ರಕ್ಕೆ ಸ್ಥಾನ ಕೊಟ್ಟವರ ಕಾರ್ಡು ನೇರ ಕಸದ ಬುಟ್ಟಿಗೆ!

ಬರಲಾ? ಬಸ್ಸು ಬಂತು.